ಹದಿನೇಳನೇ ಹಲಗಿ

ಇಂಜಿನಿಯರ್ ಶರಫುದ್ದೀನ ಸಾಹೇಬರು ಅಂದರು:
ಮೋನಪ್ಪ, ಬಿಚ್ಚೂಕಿಂತ ಮೊದಲ
ಒಂದೊಂದು ಹಲಗಿಗೂ ನಂಬರ್ ಹಾಕು,
ಇಲ್ದಿದ್ರ ತಿರುಗಿ ಕೂಡಸೂವಾಗ
ಸಾಲಿ ಹೋಗಿ ಸಂತಿ ಆಗ್ತದ.

ಖಡು ಹಿಡಕೊಂಡು ನಿಚ್ಚಣಕಿ ಏರಿದೆ.
ಗುರುಮಠಕಲ್ಲಿನ ಈ ಸಾಲಿಗಿ
ಕಲ್ಲಂದ್ರ ಕೆಳಗಿನ ಶಹಾಬಾದಿ ಫರಸಿ ಅಷ್ಟೇ,
ಉಳಿದದ್ದೆಲ್ಲ ಸಾಗವಾನಿ.
ಕಂಬ, ತೊಲಿ, ಜಂತಿ, ಗ್ವಾಡಿ ಸೈತ ಹಲಗೀದು.
ನಿಜಾಮನ ಕಾಲದ್ದು ಅಂತಾರ.
ಯಾವ ನಿಜಾಮ ಅಂತ ಕೇಳಿದ್ರ
ಎಲ್ಲರೂ ಮ್ಯಾಲ ನೋಡ್ತಾರ.

ಚಂದ್ರಭಾಗಾ ಟೀಚರ್ ಆರು ವರ್ಷ ಕಾಗದ ಬರದಾರ.
ಕೆಡವಿ ಸ್ಲ್ಯಾಬ್ ಹಾಕ್ತೀವಿ ಅಂದವರಿಗಿ ಒಂದೇ ಮಾತು:
ಏಪ್ರಿಲ್ ತಿಂಗಳದಾಗ ಬಂದು
ಹೊಸ ಖೋಲ್ಯಾಗ ಒಂದು ತಾಸು ಕುಂಡರ್ರಿ,
ಆಮ್ಯಾಲ ಇಲ್ಲಿ ಒಂದು ತಾಸು.
ಯಾರೂ ಬಂದು ಕುಂಡರಲಿಲ್ಲ.
ಆರ್ಡರ್ ಮಾತ್ರ ಬಂತು.

ಒಂದು, ಎರಡು, ಮೂರು.
ಕಿತ್ತು ಹಿಂದ ತಿರುವಿದ್ರ
ನನಗಿಂತ ಮೊದಲೇ ಯಾರೋ ನಂಬರ್ ಹಾಕ್ಯಾರ!
ಉಳಿಯಿಂದ ಕೊರದ ಕನ್ನಡ ಅಂಕಿ,
ನಾಲ್ಕರ ಹೊಟ್ಟ್ಯಾಗ ಒಂದು ಸಣ್ಣ ಗೀಟು.
ನಮ್ಮ ಮನಿ ಚೌಕಟ್ಟಿನ ಮ್ಯಾಲೂ
ಅದೇ ನಾಲ್ಕು ಅದ.
ಮುತ್ಯಾನ ಕೈ.

ಅಂದ್ರ ಈ ಸಾಲಿ ಹಿಂದ ಒಮ್ಮಿ ಬಿಚ್ಚಿದ್ದದ.
ಅಗಸಿ ಮುಂದಿನ ಖಾಜಾಬೀ ಆಯಿ ಅಂದಳು:
"ನಾಕಾ ಇತ್ತಪಾ, ಅಡವ್ಯಾಗಿನ ದಾರಿಗಿ,
ಸುಂಕದ ಮಂದಿ ಕುಂಡರತಿದ್ರು.
ಗದ್ದಲಾದ ವರ್ಷ ಅವರು ಓಡಿಹೋದರು.
ಖಾಲಿ ನಾಕಾ ಬಂಡ್ಯಾಗ ಹೇರಿ
ನಿಮ್ಮ ಮುತ್ಯಾನೇ ತಂದ. ಹನ್ನೊಂದು ಬಂಡಿ.
ನಾ ಹಿಂದ ಹಿಂದ ಓಡಿ ಬಂದಿದ್ದೆ,
ಕಾಲಿಗಿ ಚಪ್ಪಲಿ ಇದ್ದಿಲ್ಲ."

ಸುಂಕ ಕೇಳಿದ ಹಲಗಿ
ಮಗ್ಗಿ ಕೇಳಲಕತ್ತಾವ.

ಗೆದ್ದಲ ತಿಂದದ್ದು ಒಂಬತ್ತು, ಅವಕ್ಕ ಹೊಸ ಕಟ್ಟಿಗಿ.
ಉಳಿದವು ಗಟ್ಟಿ, ಬಡದ್ರ ಗಂಟಿ ಸಪ್ಪಳ.
ಆದ್ರ ಹದಿನಾರರ ಬಾಜೂಕ ಹದಿನೆಂಟು ಅದ.
ನಡುವ ಒಂದು ತಗಡಿನ ತುಂಡು,
ಜಂಗ ತಿಂದು ಕೆಂಪಾಗಿ
ಮಳಿ ಬಿಸಲು ತಡಕೊಂಡು ನಿಂತದ.
ಸಾಹೇಬರು ವಹ್ಯಾಗ ಬರಕೊಂಡರು:
ಹದಿನೇಳು, ಇಲ್ಲ.

ಅವತ್ತ ರಾತ್ರಿ ಮನ್ಯಾಗ
ರಂದಾ ಹೊಡಿಯೂವಾಗ ಲೈಟ್ ಹೋಯಿತು.
ಮೊಳಿ ಡಬ್ಬಿ ಹುಡುಕಲಾಕ
ಮೇಜಿನ ಕೆಳಗ ಕೈ ಆಡಸಿದೆ.
ಬಟ್ಟಿಗಿ ಒಂದು ತಗ್ಗು ಹತ್ತಿತು,
ದುಂಡಗ.
ಅದರ ಬಾಜೂಕ ಇನ್ನೊಂದು,
ಕೊಂಡಿ ಹಂಗ.
ಲೈಟ್ ಬರೂತನ ಕೈ ತಗೀಲಿಲ್ಲ.

ಮುತ್ಯಾ ಕದ್ದನೋ,
ಕೂಲಿ ಬದಲು ಹಲಗಿ ಕೊಟ್ಟರೋ,
ಒಡೀತಾರ ಅಂತ ಅಂಜಿ ತಂದಿಟ್ಟನೋ,
ಕೇಳಲಾಕ ಯಾರಿಲ್ಲ.
ಅದರ ಮ್ಯಾಲೇ ಅಪ್ಪ ಅರ್ಧ ಊರಿನ ತೊಟ್ಟಿಲ ಮಾಡಿದ.
ಅದರ ಮ್ಯಾಲೇ ನನ್ನ ನಾಕನೇ ಕ್ಲಾಸಿನ ಪುಸ್ತಕ ಮುಚ್ಚಿಟ್ಟು
ಕೈಗಿ ಗರಗಸ ಕೊಟ್ಟ.
ಅದೂ ನನ್ನಂಗ
ಸಾಲಿ ಬಿಟ್ಟದ್ದು.

ಮುಂಜಾನಿ ಹೆಗಲ ಮ್ಯಾಲ ಹೊತ್ತು ಒಯ್ದೆ.
ಸಾಹೇಬರು ಬಟ್ಟು ಆಡಸಿದರು: ಏನಪಾ ಇಷ್ಟು ಗಾಯ?
ಗರಗಸದವು, ಉಳಿಯವು,
ಇದೊಂದು ನನ್ನ ರಕ್ತದ ಕಲಿ ಅಂದೆ.
ತಿಕ್ಕಿ ಸಾಫ್ ಮಾಡಲೇನ್ರಿ?
ಟೀಚರ್ ಬ್ಯಾಡ ಅಂದರು,
ಯಾಕಂತ ಹೇಳಲಿಲ್ಲ.
ಗಾಯ ಒಳಗ ಮಾಡಿ ಬಡದೀನಿ,
ಕಿಡಕಿ ಬಾಜೂಕ,
ತಾಂಡಾದ ಝಮಕು
ಬೆನ್ನು ಹಚ್ಚಿ ಕುಂಡರೂ ಜಾಗದಾಗ.

ತಗಡಿನ ತುಂಡು ಕೇಳಿ ಇಸಗೊಂಡೆ.
ಈಗ ಮೇಜಿನ ಮ್ಯಾಲ ಅದೇ ಅದ.
ರಂದಾ ಆಡಿದಾಗೆಲ್ಲ ಒದರತದ,
ಮನಿಯಾಕಿ ಬೈತಾಳ,
ಈ ಹಾಳ ತಗಡ ಯಾಕ ತಂದಿ ಅಂತ.

ಎಪ್ಪತ್ತು ವರ್ಷ
ಹದಿನೇಳರ ಹೆಸರು ಕೂಗಿದಾಗೆಲ್ಲ
ಎದ್ದು ನಿಂತು ಹಾಜರ್ ಅಂದದ್ದು
ಇದೇ ಅಲ್ಲೇನು, ಅಂದೆ.